ಅಂಚು ಎಲ್ಲಿ ಬೇಕು, ಎಲ್ಲಿ ಬೇಡ: ಕೈಯಿಂದ ಮಾಡುವ ಶುಭಾಶಯ ಪತ್ರ

(ಕರಕುಶಲ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮೇಜಿನ ಮೇಲೆ ಮಾಡಿ ತೋರಿಸಿದ ಭಾಗಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಈ ಎರಡು ಕಾರ್ಡುಗಳನ್ನು ಮುಂದಿನ ಸಾಲಿನವರಿಗೆ ಕೊಡುತ್ತಿದ್ದೇನೆ. ನೋಡಿ ಹಿಂದಕ್ಕೆ ದಾಟಿಸಿ. ಎರಡರಲ್ಲಿಯೂ ಇರುವುದು ಒಂದೇ ಸ್ಟೆನ್ಸಿಲ್‌ನಿಂದ, ಅಂದರೆ ಆಕಾರ ಕೊರೆದ ಅಚ್ಚುಹಾಳೆಯಿಂದ, ತೆಗೆದ ಬೇವಿನ ಎಸಳು. ಕಾಗದ ಒಂದೇ, ಶಾಯಿಯೂ ಒಂದೇ. ಆದರೂ ಮೊದಲನೆಯದರಲ್ಲಿ ಎಲೆಗಳು ಕತ್ತರಿಸಿ ಅಂಟಿಸಿದಂತೆ ಕಾಣುತ್ತವೆ. ಎರಡನೆಯದರಲ್ಲಿ ಅವುಗಳ ಮೇಲೆ ಎಲ್ಲಿಂದಲೋ ಬೆಳಕು ಬಿದ್ದಿದೆ. ಹತ್ತಿರ ಹಿಡಿದು ನೋಡಿದರೆ ಕಾರಣ ತಿಳಿಯುತ್ತದೆ. ಮೊದಲ ಕಾರ್ಡಿನಲ್ಲಿ ಪ್ರತಿ ಎಲೆಯನ್ನೂ ಅಂಚಿನಿಂದ ಅಂಚಿಗೆ ಸಮನಾಗಿ ತುಂಬಲಾಗಿದೆ. ಎರಡನೆಯದರಲ್ಲಿ ಎಡ ಅಂಚಿನಲ್ಲಿ ದಟ್ಟವಾಗಿರುವ ಬಣ್ಣ ಬಲಕ್ಕೆ ಹೋಗುತ್ತ ತೆಳುವಾಗಿ, ಕೊನೆಗೆ ಕಾಗದದ ಬಿಳುಪಿನಲ್ಲಿ ಕರಗಿಹೋಗಿದೆ. ಆ ಎಲೆಗಳಿಗೆ ಬಲ ಅಂಚೇ ಇಲ್ಲ. ಇಲ್ಲದ ಅಂಚನ್ನು ನೋಡುವವರ ಕಣ್ಣು ತಾನೇ ಎಳೆದುಕೊಳ್ಳುತ್ತದೆ.

ಇಂದು ನಾನು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ. ಸ್ಟೆನ್ಸಿಲ್ ಅಂಚನ್ನು ಕೊಡುತ್ತದೆ, ಶಾಯಿಯನ್ನು ತೇಯುತ್ತ ಹರಡುವ ಇಂಕ್ ಬ್ಲೆಂಡಿಂಗ್ ಅಂಚನ್ನು ಅಳಿಸುತ್ತದೆ. ಎಲ್ಲಿ ಅಂಚು ಇರಬೇಕು, ಎಲ್ಲಿ ಇರಬಾರದು ಎಂದು ತೀರ್ಮಾನಿಸುವುದೇ ಈ ಕೆಲಸದ ಕಲೆ. ಉಳಿದದ್ದೆಲ್ಲ ಸಾಮಗ್ರಿ ಮತ್ತು ಅಭ್ಯಾಸ.

ಈ ಜೋಡಿ ಬಹಳ ಹಳೆಯದು. ಅರ್ಜೆಂಟೀನಾದ ದಕ್ಷಿಣದಲ್ಲಿ, ಸಾಂತಾ ಕ್ರೂಸ್ ಪ್ರಾಂತ್ಯದಲ್ಲಿ ಕುಯೇವಾ ದೆ ಲಾಸ್ ಮಾನೋಸ್ ಎಂಬ ಗುಹೆಯಿದೆ. ಹೆಸರಿಗೆ ತಕ್ಕಂತೆ ಅದರ ಬಂಡೆಯ ತುಂಬ ಕೈಗಳ ಗುರುತು. 9 ಸಾವಿರ ವರ್ಷಗಳಿಗೂ ಹಿಂದೆ ಜನ ಬಂಡೆಗೆ ಅಂಗೈ ಒತ್ತಿ, ಮೂಳೆಯ ಕೊಳವೆಯಿಂದ ಕಾವಿಯಂಥ ಬಣ್ಣವನ್ನು ಅದರ ಸುತ್ತ ಊದಿದರು. ಕೈ ತೆಗೆದಾಗ ಅದರ ಆಕಾರ ಖಾಲಿಯಾಗಿ ಉಳಿಯಿತು. ಹೆಚ್ಚಿನವು ಎಡಗೈಗಳು, ಏಕೆಂದರೆ ಕೊಳವೆ ಹಿಡಿಯಲು ಬಲಗೈ ಬೇಕಿತ್ತು ಎಂದು ವಿದ್ವಾಂಸರು ಊಹಿಸುತ್ತಾರೆ. ಆ ಚಿತ್ರಗಳನ್ನು ಗಮನಿಸಿ: ಬೆರಳಿನ ಗೆರೆ ಚೂಪಾಗಿದೆ, ಆದರೆ ಊದಿದ ಬಣ್ಣ ಹೊರಗೆ ಹೋಗುತ್ತ ಮಂಜಿನಂತೆ ಚದುರಿ ಇಲ್ಲವಾಗುತ್ತದೆ. ಗಟ್ಟಿ ಅಂಚು, ಮೃದು ಅಂಚು, ಎರಡೂ ಒಂದೇ ಉಸಿರಿನಲ್ಲಿ. ನಮ್ಮ ಶಾಲೆಗಳಲ್ಲಿ ಹಾಳೆಯ ಮೇಲೆ ಎಲೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಬಾಚಣಿಗೆಯ ಮೇಲೆ ಉಜ್ಜಿ ಹನಿ ಹಾರಿಸುವುದನ್ನು ನಿಮ್ಮಲ್ಲಿ ಅನೇಕರು ಮಾಡಿರುತ್ತೀರಿ. ಅದು ಇದೇ ತಂತ್ರ. ಆದ್ದರಿಂದ ಇಲ್ಲಿ ಯಾರೂ ಹೊಸಬರಲ್ಲ.

ಈಗ ಶಾಯಿಯ ವಿಷಯ. ಇಂಕ್ ಬ್ಲೆಂಡಿಂಗ್ ಎಂದರೆ ಇಂಕ್ ಪ್ಯಾಡಿನ ಶಾಯಿಯನ್ನು ಬ್ರಷ್ಷಿಗೆ ಅಥವಾ ಸ್ಪಂಜಿಗೆ ತೆಗೆದುಕೊಂಡು, ವರ್ತುಲಾಕಾರದಲ್ಲಿ ಮೆಲ್ಲಗೆ ಕಾಗದಕ್ಕೆ ತೇಯುತ್ತ ಒಂದು ಬಣ್ಣವನ್ನು ಇನ್ನೊಂದರೊಳಗೆ ಗೆರೆ ಕಾಣದಂತೆ ಸೇರಿಸುವುದು. ಶಾಯಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಡೈ ಶಾಯಿಯಲ್ಲಿ ಬಣ್ಣ ದ್ರವದಲ್ಲಿ ಪೂರ್ತಿ ಕರಗಿರುತ್ತದೆ. ಅದು ಕಾಗದದ ನಾರಿನೊಳಗೆ ಇಳಿಯುತ್ತದೆ, ಪಾರದರ್ಶಕವಾಗಿರುತ್ತದೆ, ಕೆಳಗಿನ ಬಣ್ಣವನ್ನು ಮುಚ್ಚದೆ ಅದರೊಂದಿಗೆ ಸೇರಿ ಮೂರನೆಯ ಬಣ್ಣವಾಗುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಅವು ಕಾಗದದ ಮೇಲ್ಮೈಯಲ್ಲೇ ಕೂರುತ್ತವೆ, ಒಣಗಲು ಹೊತ್ತು ಹಿಡಿಯುತ್ತದೆ, ಆದರೆ ಬಿಸಿಲನ್ನು ಹೆಚ್ಚು ಕಾಲ ತಾಳುತ್ತವೆ. ಅಮೆರಿಕದ ರೇಂಜರ್ ಕಂಪನಿ ಟಿಮ್ ಹೋಲ್ಟ್ಸ್ ಅವರ ವಿನ್ಯಾಸದಲ್ಲಿ ತಂದ ಡಿಸ್ಟ್ರೆಸ್ ಶಾಯಿಗಳು ಈ ಹವ್ಯಾಸದಲ್ಲಿ ಮನೆಮಾತಾದವು. ಅವು ಡೈ ಜಾತಿಯವು. ನೀರು ತಾಗಿದರೆ ಮತ್ತೆ ಕದಲುತ್ತವೆ, ಆದ್ದರಿಂದ ಬ್ಲೆಂಡ್ ಮಾಡಿದ ಆಕಾಶದ ಮೇಲೆ ಬೆರಳಿನಿಂದ ನೀರಿನ ಹನಿ ಸಿಡಿಸಿ, ಕ್ಷಣ ಬಿಟ್ಟು ಟಿಶ್ಯೂ ಒತ್ತಿದರೆ ಹನಿ ಬಿದ್ದ ಕಡೆ ಬಣ್ಣ ತಿಳಿಯಾಗುತ್ತದೆ. 2017ರಲ್ಲಿ ಬಂದ ಡಿಸ್ಟ್ರೆಸ್ ಆಕ್ಸೈಡ್ ಶಾಯಿಯಲ್ಲಿ ಡೈ ಮತ್ತು ಪಿಗ್ಮೆಂಟ್ ಎರಡೂ ಸೇರಿವೆ. ಒಣಗಿದ ಮೇಲೆ ಅದಕ್ಕೆ ಸೀಮೆಸುಣ್ಣದ ಬಣ್ಣದಂಥ ಮಂದ ನುಣುಪು ಬರುತ್ತದೆ, ಬ್ಲೆಂಡ್ ಮಾಡುವುದೂ ಸುಲಭ. ಕಲಿಯುವವರಿಗೆ ನಾನು ಆಕ್ಸೈಡ್ ಜಾತಿಯನ್ನೇ ಕೊಡುತ್ತೇನೆ. ಬಣ್ಣದ ಹೊಳಪು ಬೇಕೆನ್ನುವ ದಿನ ಡೈ ಶಾಯಿಗೆ ಬರಲಿ. ಕಚೇರಿಯ ರಬ್ಬರ್ ಸ್ಟ್ಯಾಂಪಿನ ನೇರಳೆ ಪ್ಯಾಡಿನಿಂದ ಮಾತ್ರ ದಯವಿಟ್ಟು ಶುರು ಮಾಡಬೇಡಿ. ಆ ಶಾಯಿ ತಾಗಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ, ಎಷ್ಟು ತೇದರೂ ಹರಡದು, ನಿಮ್ಮ ಕೈ ಸರಿಯಿಲ್ಲವೆಂದು ನಿಮಗೇ ಅನ್ನಿಸಿಬಿಡುತ್ತದೆ.

ಕಾಗದದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಣ ಕಡಿಮೆಯಿದ್ದರೆ ಶಾಯಿಯಲ್ಲಿ ಉಳಿಸಿ, ಕಾಗದದಲ್ಲಿ ಬೇಡ. ಕಾಗದ ತಯಾರಿಸುವಾಗ ಅದಕ್ಕೆ ಪಿಷ್ಟದಂಥ ಪದಾರ್ಥವನ್ನು ಸೇರಿಸುತ್ತಾರೆ. ನಾರು ದ್ರವವನ್ನು ಥಟ್ಟನೆ ಹೀರದಂತೆ ಅದು ತಡೆಯುತ್ತದೆ. ಬ್ಲೆಂಡಿಂಗ್‌ಗೆ ಬೇಕಾದ ಸಮಯ ಸಿಗುವುದು ಇದರಿಂದ. ಶಾಯಿ ಕಾಗದಕ್ಕೆ ತಾಗಿದ ಮೇಲೂ ಕೆಲವು ಕ್ಷಣ ಮೇಲೆಯೇ ಇರಬೇಕು, ಆಗ ಮಾತ್ರ ಅದನ್ನು ಸರಿಸಬಹುದು. ಚಾರ್ಟ್ ಪೇಪರ್ ತಕ್ಷಣ ಹೀರಿಬಿಡುತ್ತದೆ, ಬ್ರಷ್ ಇಟ್ಟಲ್ಲಿ ಕಲೆಯಾಗುತ್ತದೆ. ಹೊಳಪಿನ ಆರ್ಟ್ ಕಾರ್ಡ್ ಇದಕ್ಕೆ ವಿರುದ್ಧ. ಅದು ಹೀರುವುದೇ ಇಲ್ಲ, ಶಾಯಿ ಜಾರಾಡುತ್ತಲೇ ಇರುತ್ತದೆ. ಒರಟು ಡ್ರಾಯಿಂಗ್ ಶೀಟಿನಲ್ಲಿ ಉಬ್ಬುಗಳು ಮಾತ್ರ ಬಣ್ಣ ಹಿಡಿದು ತಗ್ಗುಗಳು ಬಿಳಿಯಾಗಿ ಉಳಿಯುತ್ತವೆ. ನಮಗೆ ಬೇಕಾದದ್ದು 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ, ಹೊಳಪಿಲ್ಲದ, ಕೈಯಾಡಿಸಿದರೆ ನುಣುಪಾಗಿರುವ ಬಿಳಿ ಕಾರ್ಡ್. ಬೆಂಗಳೂರಿನವರಾದರೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಿಗೆ ಹೋಗಿ ಎರಡು ಮೂರು ಬಗೆಯ ಹಾಳೆಗಳನ್ನು ಒಂದೊಂದೇ ತಂದು ಪರೀಕ್ಷಿಸಿ, ಒಗ್ಗಿದ್ದನ್ನು ಆಮೇಲೆ ಹೆಚ್ಚಾಗಿ ಕೊಳ್ಳಿ. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೊಂದನ್ನು ನೋಡಿಕೊಳ್ಳಬೇಕು. ಕಾಗದ ಗಾಳಿಯ ತೇವವನ್ನು ಕುಡಿದು ಮೆತ್ತಗಾಗಿರುತ್ತದೆ, ಅದರ ಮೇಲೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ಹಾಳೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಬಹಳಷ್ಟು ಸರಿಹೋಗುತ್ತದೆ.

ಇನ್ನು ಕೈ. ಬ್ರಷ್ಷನ್ನು ಪ್ಯಾಡಿಗೆ ಒತ್ತಿ ನೇರವಾಗಿ ಕಾರ್ಡಿಗೆ ಇಡಬಾರದು. ಮೊದಲು ಪಕ್ಕದ ರದ್ದಿ ಹಾಳೆಯ ಮೇಲೆ ನಾಲ್ಕು ಸುತ್ತು ತಿರುಗಿಸಿ ಹೆಚ್ಚಿನ ಶಾಯಿಯನ್ನು ಕಳೆಯಬೇಕು. ಆಮೇಲೆ ಕಾರ್ಡಿನ ಹೊರಗೆ, ಮೇಜಿನ ಮೇಲಿನ ಹಾಳೆಯಲ್ಲಿಯೇ ವರ್ತುಲ ಸುತ್ತಲು ಆರಂಭಿಸಿ, ಸುತ್ತುತ್ತಲೇ ಕಾರ್ಡಿನ ಒಳಗೆ ಬರಬೇಕು. ವಿಮಾನ ಇಳಿಯುವಾಗ ಚಕ್ರ ನೆಲಕ್ಕೆ ಹೇಗೆ ಓರೆಯಾಗಿ ತಾಗುತ್ತದೆಯೋ ಹಾಗೆ ಬ್ರಷ್ ಚಲನೆಯಲ್ಲಿರುವಾಗಲೇ ಕಾಗದವನ್ನು ಮುಟ್ಟಬೇಕು. ನಿಂತ ಬ್ರಷ್ ಮುಟ್ಟಿದ ಜಾಗದಲ್ಲಿ ಒಂದು ಗುಂಡು ಕಲೆ ಉಳಿಯುತ್ತದೆ, ಅದನ್ನು ಮುಚ್ಚಲು ಹೋದರೆ ಇಡೀ ಹಿನ್ನೆಲೆ ಕಪ್ಪಾಗುತ್ತದೆ. ಒತ್ತಡ ಎಷ್ಟಿರಬೇಕೆಂದು ಎಲ್ಲರೂ ಕೇಳುತ್ತಾರೆ. ಬ್ರಷ್ಷಿನ ಕೂದಲು ಬಾಗಬಾರದು, ಅಷ್ಟೇ. ಬಣ್ಣ ಬರುತ್ತಿಲ್ಲ ಎನ್ನಿಸಿದರೆ ಒತ್ತುವ ಬದಲು ಇನ್ನಷ್ಟು ಸುತ್ತು ತಿರುಗಿಸಿ. ತೆಳುವಾದ ಹಲವು ಪದರಗಳಿಂದ ಬರುವ ದಟ್ಟತೆಗೂ ಒಂದೇ ಸಲ ಒತ್ತಿ ತಂದ ದಟ್ಟತೆಗೂ ಇರುವ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತದೆ. ಬ್ರಷ್ ಎಂದರೆ ದುಬಾರಿಯದೇ ಆಗಬೇಕೆಂದಿಲ್ಲ. ಮುಖಕ್ಕೆ ಫೌಂಡೇಶನ್ ಹಚ್ಚುವ ಒತ್ತಾದ ಕೂದಲಿನ ಬ್ರಷ್ ಚೆನ್ನಾಗಿ ಒದಗುತ್ತದೆ. ಹಳದಿಗೆ ಒಂದು, ಕೆಂಪು ಗುಲಾಬಿಗೆ ಒಂದು, ನೀಲಿ ಹಸಿರಿಗೆ ಒಂದು ಹೀಗೆ ಮೂರಾದರೂ ಬೇರೆ ಬೇರೆ ಇಟ್ಟುಕೊಳ್ಳಿ.

ಬಣ್ಣ ಜೋಡಿಸುವುದರಲ್ಲಿ ಒಂದೇ ಎಚ್ಚರಿಕೆ. ವರ್ಣಚಕ್ರದಲ್ಲಿ ಎದುರುಬದುರಾಗಿರುವ ಬಣ್ಣಗಳು ಒಂದರೊಳಗೊಂದು ಸೇರಿದರೆ ಕೆಸರು ಬಣ್ಣವಾಗುತ್ತದೆ: ಹಳದಿ ಮತ್ತು ನೇರಳೆ, ಕೆಂಪು ಮತ್ತು ಹಸಿರು, ಕಿತ್ತಳೆ ಮತ್ತು ನೀಲಿ. ಸಂಜೆಯ ಆಕಾಶದಲ್ಲಿ ಹಳದಿಯೂ ನೇರಳೆಯೂ ಇರಬೇಕಲ್ಲವೇ ಎಂದರೆ, ಖಂಡಿತ ಇರಲಿ, ಆದರೆ ನಡುವೆ ಗುಲಾಬಿ ಬರಲಿ. ಹಳದಿ ಗುಲಾಬಿಯನ್ನು ಸೇರಿ ಕಿತ್ತಳೆಯಾಗುತ್ತದೆ, ಗುಲಾಬಿ ನೇರಳೆಗೆ ಸಹಜವಾಗಿ ದಾರಿ ಬಿಡುತ್ತದೆ. ಯಾವಾಗಲೂ ತಿಳಿ ಬಣ್ಣದಿಂದ ಗಾಢಕ್ಕೆ ಹೋಗಿ. ಪ್ರತಿ ಬಣ್ಣವೂ ಹಿಂದಿನದರ ಮೇಲೆ ಒಂದೆರಡು ಸೆಂಟಿಮೀಟರ್ ಏರಲಿ. ಕೊನೆಗೆ ಸೇರುವ ಜಾಗದಲ್ಲಿ ಮತ್ತೆ ತಿಳಿ ಬಣ್ಣದ ಬ್ರಷ್ಷಿನಿಂದ ತೇಯಿರಿ, ಗೆರೆ ಮಾಯವಾಗುತ್ತದೆ.

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಈ ಕೆಲಸಕ್ಕೆ ಬೊಕಾಶಿ ಎನ್ನುತ್ತಾರೆ. ಕಲಾವಿದ ಹಿರೋಶಿಗೆಯ ಭೂದೃಶ್ಯಗಳಲ್ಲಿ ಮೇಲಂಚಿನಲ್ಲಿ ಕಡುನೀಲಿಯಾಗಿ ಶುರುವಾಗಿ ಕೆಳಗೆ ಬರುತ್ತ ಬಿಳುಪಾಗುವ ಆಕಾಶದ ಪಟ್ಟಿಯನ್ನು ನೀವು ಕಂಡಿರಬಹುದು. ಅದು ಅಚ್ಚಿನಲ್ಲಿ ಕೆತ್ತಿದ್ದಲ್ಲ. ಅಚ್ಚು ಹಾಕುವವನು ಮರದ ಹಲಗೆಯನ್ನು ಒದ್ದೆ ಮಾಡಿ, ಬ್ರಷ್ಷಿನ ಒಂದು ಮೂಲೆಗೆ ಮಾತ್ರ ಬಣ್ಣ ತೆಗೆದುಕೊಂಡು, ಪ್ರತಿ ಹಾಳೆಗೂ ಹೊಸದಾಗಿ ಆ ಏರಿಳಿತವನ್ನು ಕೈಯಿಂದ ತರುತ್ತಿದ್ದ. ಆ ಬ್ರಷ್ಷುಗಳ ಕೂದಲಿನ ತುದಿಯನ್ನು ಮೃದುಗೊಳಿಸಲು ಒಣಗಿದ ಶಾರ್ಕ್ ಮೀನಿನ ಚರ್ಮದ ಮೇಲೆ ಉಜ್ಜುತ್ತಿದ್ದರು. ಬ್ರಷ್ಷಿನ ತುದಿ ಎಷ್ಟು ಮೆತ್ತಗಿದ್ದರೆ ಬಣ್ಣದ ಕೊನೆ ಅಷ್ಟು ಕಾಣದಂತಾಗುತ್ತದೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಅರಿತಿದ್ದರು.

ಸ್ಟೆನ್ಸಿಲ್‌ನಲ್ಲಿಯೂ ಜಪಾನಿನಿಂದ ಕಲಿಯುವುದು ಬಹಳ ಇದೆ. ಮಿಯೆ ಪ್ರಾಂತ್ಯದ ಸುಜುಕಾದಲ್ಲಿ ಇಸೆ ಕತಗಾಮಿ ಎಂಬ ಕಾಗದದ ಅಚ್ಚುಗಳನ್ನು ಇಂದಿಗೂ ಕೊರೆಯುತ್ತಾರೆ. ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಕಾಗದವನ್ನು ಪದರ ಪದರವಾಗಿ ಕಾಯಿ ಪರ್ಸಿಮನ್ ಹಣ್ಣಿನ ಒಗರು ರಸದಿಂದ ಅಂಟಿಸಿ, ಹೊಗೆಯಲ್ಲಿ ಹದಗೊಳಿಸಿದರೆ ಅದು ನೀರಿಗೆ ಜಗ್ಗದ ಕಂದು ಹಾಳೆಯಾಗುತ್ತದೆ. ಕಿಮೋನೊ ಬಟ್ಟೆಯ ಸಣ್ಣ ಸಣ್ಣ ವಿನ್ಯಾಸಗಳೆಲ್ಲ ಇದರಿಂದಲೇ ಬರುತ್ತಿದ್ದವು. ನಮ್ಮ ದೇಶದ ಮಥುರಾ, ವೃಂದಾವನಗಳಲ್ಲಿ ಸಾಂಝಿ ಎಂಬ ಕಲೆಯಿದೆ. ಕತ್ತರಿಯಿಂದ ಕತ್ತರಿಸಿದ ಕಾಗದದ ಅಚ್ಚುಗಳನ್ನು ವೇದಿಕೆಯ ಮೇಲಿಟ್ಟು, ಬಣ್ಣದ ಪುಡಿಯನ್ನು ಉದುರಿಸಿ, ಪಿತೃಪಕ್ಷದ ದಿನಗಳಲ್ಲಿ ದೇವಾಲಯಗಳಲ್ಲಿ ಕೃಷ್ಣನ ಲೀಲೆಗಳನ್ನು ಬಿಡಿಸುತ್ತಾರೆ. ನಮ್ಮ ಮನೆಗಳ ಮುಂದೆ ತೂತಿನ ತಟ್ಟೆಯಿಟ್ಟು ರಂಗೋಲಿ ಪುಡಿ ಎಳೆಯುವುದನ್ನೂ ಇದರ ಪಕ್ಕದಲ್ಲಿಯೇ ಇಡಬಹುದು.

ಕನ್ನಡದಲ್ಲಿ ಕಾರ್ಡ್ ಮಾಡುವವರಿಗೆ ಹೆಚ್ಚಾಗಿ ಎದುರಾಗುವ ಒಂದು ತೊಡಕಿದೆ, ಅದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಶುಭಾಶಯದ ಸ್ಟೆನ್ಸಿಲ್‌ಗಳೆಲ್ಲ ಬಹುಪಾಲು ಇಂಗ್ಲಿಷಿನವು. ನಮ್ಮದನ್ನು ನಾವೇ ಕೊರೆದುಕೊಳ್ಳಬೇಕು. ಹಿಂದೆ ಪ್ರೊಜೆಕ್ಟರಿಗೆ ಬಳಸುತ್ತಿದ್ದ ಪಾರದರ್ಶಕ ಓಎಚ್‌ಪಿ ಶೀಟ್ ಇದಕ್ಕೆ ಸಾಕು. ಕೆಳಗೆ ಅಕ್ಷರ ಬರೆದ ಹಾಳೆಯಿಟ್ಟು, ಕಟಿಂಗ್ ಮ್ಯಾಟ್ ಮೇಲೆ ಚೂಪು ಕಟರಿನಿಂದ ಕೊರೆಯಿರಿ. ತಿರುವುಗಳಲ್ಲಿ ಕಟರನ್ನು ತಿರುಗಿಸಬೇಡಿ, ಹಾಳೆಯನ್ನು ತಿರುಗಿಸಿ. ಆದರೆ ನಮ್ಮ ಅಕ್ಷರಗಳು ಗುಂಡಗಿನವು. ಠ ಬರೆದು ಅದರ ಸುತ್ತು ಗೆರೆಯನ್ನು ಕೊರೆದರೆ ಒಳಗಿನ ಭಾಗವೆಲ್ಲ ಕಳಚಿ ಬೀಳುತ್ತದೆ. ರ ಕೂಡ ಹಾಗೆಯೇ. ‘ಸಂಕ್ರಾಂತಿ’ ಎಂದು ಕೊರೆಯಲು ಹೊರಟರೆ ಎರಡು ಸೊನ್ನೆಗಳ ಹೊಟ್ಟೆಯೂ ಉದುರಿ ಎರಡು ತೂತು ಮಾತ್ರ ಉಳಿಯುತ್ತವೆ. ಒಳಗಿನ ತುಂಡನ್ನು ಹೊರಗಿನ ಹಾಳೆಗೆ ಹಿಡಿದಿಡುವ ಸಣ್ಣ ಸೇತುವೆಗಳನ್ನು ಬಿಟ್ಟುಕೊಂಡೇ ಅಕ್ಷರವನ್ನು ಬರೆಯಬೇಕು. ಸೇತುವೆ ಎಲ್ಲಿರಬೇಕು? ಅಕ್ಷರದ ಗುರುತಿಗೆ ಬೇಕಾದ ತಿರುವಿನಲ್ಲಿ ಬೇಡ. ರ ಅಕ್ಷರದ ಕೆಳಹೊಟ್ಟೆಯಲ್ಲಿ ಒಂದು, ತಲೆಕಟ್ಟಿಗೆ ಸೇರುವಲ್ಲಿ ಒಂದು ಬಿಟ್ಟರೆ ಓದಲು ತೊಂದರೆಯಾಗುವುದಿಲ್ಲ. ಸೇತುವೆ ಒಂದೂವರೆ ಮಿಲಿಮೀಟರಿಗಿಂತ ಕಿರಿದಾದರೆ ಬ್ರಷ್ಷಿನ ಓಡಾಟಕ್ಕೆ ಹರಿಯುತ್ತದೆ. ಗಾಡಿಗಳ ಮೇಲೆ, ಶಾಲೆಯ ಬೆಂಚುಗಳ ಮೇಲೆ ಅಚ್ಚಿಟ್ಟು ಬಣ್ಣ ಹೊಡೆದು ಬರೆದ ಅಕ್ಷರಗಳ ಕಡಿದ ಗೆರೆಗಳನ್ನು ಒಮ್ಮೆ ಗಮನಿಸಿ. ಅವುಗಳನ್ನು ಕೊರೆದವರು ಈ ಸಮಸ್ಯೆಯನ್ನು ಎಷ್ಟೋ ಬಗೆಯಲ್ಲಿ ಬಿಡಿಸಿದ್ದಾರೆ, ಮತ್ತು ಆ ಗೆರೆಗಳಿಗೆ ತಮ್ಮದೇ ಆದ ಚೆಲುವಿದೆ.

ಇಸೆ ಕತಗಾಮಿಯ ಕುಶಲಕರ್ಮಿಗಳು ಇದೇ ಸಮಸ್ಯೆಗೆ ಕಂಡುಕೊಂಡ ಉತ್ತರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಒಂದೇ ವಿನ್ಯಾಸವನ್ನು ಎರಡು ಹಾಳೆಗಳಲ್ಲಿ ಕೊರೆದು, ನಡುವೆ ರೇಷ್ಮೆ ಎಳೆಗಳನ್ನು ಹಾಸಿ, ಎರಡನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಸೇರಿಸಿ ಅಂಟಿಸುತ್ತಿದ್ದರು. ಒಳಗಿನ ತುಂಡುಗಳು ಎಳೆಗಳ ಮೇಲೆ ನಿಲ್ಲುತ್ತಿದ್ದವು. ಎಳೆ ಎಷ್ಟು ಸಣ್ಣದೆಂದರೆ ಬಣ್ಣದಲ್ಲಿ ಅದರ ಗುರುತೇ ಮೂಡುತ್ತಿರಲಿಲ್ಲ. ಆಮೇಲೆ ಎಳೆಗಳ ಬದಲು ರೇಷ್ಮೆಯ ಜಾಳಿಗೆಯನ್ನೇ ಹಾಳೆಗೆ ಅಂಟಿಸುವ ಕ್ರಮ ಬಂತು. ಸುಲ್ತಾನ್‌ಪೇಟೆಯಲ್ಲಿ ಮದುವೆಯ ಕರೆಯೋಲೆಗಳನ್ನು ಸ್ಕ್ರೀನ್ ಪ್ರಿಂಟಿಂಗ್ ಮಾಡುವಾಗ ಚೌಕಟ್ಟಿಗೆ ಬಿಗಿದಿರುವ ಬಟ್ಟೆಯೂ ಇದೇ ತತ್ವದ್ದು: ಜಾಳಿಗೆಯ ಮೇಲೆ ನಿಂತ ಸ್ಟೆನ್ಸಿಲ್.

ಸ್ಟೆನ್ಸಿಲ್ ಬಳಸುವಾಗ ಎಲ್ಲರನ್ನೂ ಕಾಡುವುದು ಬಣ್ಣ ಅಂಚಿನ ಕೆಳಗೆ ನುಗ್ಗುವುದು. ಸ್ಟೆನ್ಸಿಲ್ ಮತ್ತು ಕಾಗದದ ನಡುವಿನ ಕಿರಿದಾದ ಸಂದಿಗೆ ಒದ್ದೆ ಶಾಯಿ ತಾನಾಗಿಯೇ ಸೆಳೆದುಕೊಂಡು ಹೋಗುತ್ತದೆ. ಸ್ಟೆನ್ಸಿಲ್ಲನ್ನು ಎಷ್ಟೇ ಗಟ್ಟಿಯಾಗಿ ಒತ್ತಿ ಹಿಡಿದರೂ ಪೂರ್ತಿ ತಡೆಯಲಾಗದು. ತಡೆಯುವುದು ಒಣ ಬ್ರಷ್. ರದ್ದಿ ಹಾಳೆಯ ಮೇಲೆ ತಿರುಗಿಸಿದಾಗ ಗುರುತು ಮಸುಕಾಗಿ ಮೂಡುವಷ್ಟು ಮಾತ್ರ ಶಾಯಿ ಉಳಿದಿರಬೇಕು. ಬ್ರಷ್ಷನ್ನು ಸ್ಟೆನ್ಸಿಲ್‌ನ ಗಟ್ಟಿ ಭಾಗದಿಂದ ತೂತಿನ ಕಡೆಗೆ ತನ್ನಿ. ತೂತಿನಿಂದ ಹೊರಕ್ಕೆ ಎಳೆದರೆ ಸಣ್ಣ ನಾಲಿಗೆಯಂಥ ತುದಿಗಳು ಎದ್ದು ಕೆಳಗೆ ಬಣ್ಣ ಸೇರುತ್ತದೆ. ಮೂಲೆಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚುವ ಮುನ್ನ ಅದನ್ನು ಒಮ್ಮೆ ಉಟ್ಟ ಬಟ್ಟೆಗೆ ಒತ್ತಿ ತೆಗೆಯಿರಿ, ಅಂಟು ಕಡಿಮೆಯಾಗಿ ಕಾಗದ ಕಿತ್ತು ಬರುವುದಿಲ್ಲ. ಒಂದು ಸಲ ಬಳಸಿದ ಸ್ಟೆನ್ಸಿಲ್‌ನ ಎರಡೂ ಮುಖಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಇನ್ನೊಂದು ಕಾರ್ಡಿಗೆ ಇಡಿ.

ಪದರ ಸ್ಟೆನ್ಸಿಲ್ ಎಂದು ಸಿಗುತ್ತವೆ, ಒಂದೇ ಹೂವಿಗೆ ಮೂರು ನಾಲ್ಕು ಹಾಳೆಗಳು. ಮೊದಲನೆಯದು ಇಡೀ ಹೂವಿನ ಆಕಾರಕ್ಕೆ, ಎರಡನೆಯದು ಎಸಳಿನ ನೆರಳಿಗೆ, ಮೂರನೆಯದು ಇನ್ನೂ ಗಾಢವಾದ ಮಡಿಕೆಗಳಿಗೆ. ಇವುಗಳನ್ನು ಬಳಸುವವರು ಮೊದಲ ಪದರವನ್ನೇ ಗಾಢವಾಗಿ ತುಂಬಿಬಿಡುತ್ತಾರೆ. ಆಮೇಲೆ ಹಾಕಿದ್ದು ಕಾಣುವುದೇ ಇಲ್ಲ. ಮೊದಲ ಪದರ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿರಲಿ, ಅದರಲ್ಲಿಯೂ ಒಂದು ಬದಿ ಬಿಳಿಯಾಗಿಯೇ ಉಳಿಯಲಿ. ಮೊದಲು ತೋರಿಸಿದ ಬೇವಿನ ಎಲೆಯ ಗುಟ್ಟು ಇಲ್ಲಿಯೂ ಅದೇ. ಉಬ್ಬು ಮೂಡಿಸುವ ಟೆಕ್ಸ್ಚರ್ ಪೇಸ್ಟ್, ಕಾಯಿಸಿದರೆ ಕರಗಿ ಉಬ್ಬುವ ಎಂಬಾಸಿಂಗ್ ಪುಡಿ, ಮಿನುಗು, ಮುತ್ತು ಇವೆಲ್ಲವನ್ನೂ ಸ್ಟೆನ್ಸಿಲ್ ಜೊತೆ ಬಳಸಬಹುದು. ಆದರೆ ಚೆನ್ನಾಗಿ ಬಂದ ಬಣ್ಣದ ಮೇಲೆ ಮುತ್ತು ಅಂಟಿಸುವುದು ನನಗೆ ಸರಿಕಾಣುವುದಿಲ್ಲ. ಚೆನ್ನಾಗಿ ಬಾರದ ಬಣ್ಣವನ್ನು ಮುತ್ತು ಕಾಪಾಡುವುದೂ ಇಲ್ಲ.

ಕಾರ್ಡಿನ ಜೋಡಣೆ ಸರಳ. ಒಂದು ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ಎ5, ಪ್ರತಿಯೊಂದನ್ನೂ ಮಡಿಸಿದರೆ 105 ಮತ್ತು 148 ಮಿಲಿಮೀಟರಿನ ಎರಡು ಕಾರ್ಡುಗಳು. ಅಮೆರಿಕದ ವಿಡಿಯೊಗಳಲ್ಲಿ ಹೇಳುವ ನಾಲ್ಕೂಕಾಲು ಇಂಚು, ಐದೂವರೆ ಇಂಚಿನ ಅಳತೆ ಅವರ ಲೆಟರ್ ಹಾಳೆಗೆ ಹೊಂದುವಂಥದು. ನಮ್ಮ ಹಾಳೆಗೆ, ನಮ್ಮ ಲಕೋಟೆಗೆ ಎ6 ಅಳತೆಯೇ ಅನುಕೂಲ. ಮಡಿಸುವ ಮುಂಚೆ ಖಾಲಿಯಾದ ಬಾಲ್ ಪೆನ್ನಿನಿಂದ ಅಡಿಪಟ್ಟಿಯ ಉದ್ದಕ್ಕೂ ಒತ್ತಿ ಗೆರೆ ಎಳೆಯಿರಿ, ಮಡಿಕೆ ಒಡೆಯುವುದಿಲ್ಲ. ಬ್ಲೆಂಡಿಂಗನ್ನು ಮಡಿಸಿದ ಕಾರ್ಡಿನ ಮೇಲೆಯೇ ಮಾಡದೆ ಬೇರೆ ತುಂಡಿನ ಮೇಲೆ ಮಾಡಿ, ಸುತ್ತ ಕತ್ತರಿಸಿ, ಡಬಲ್ ಸೈಡ್ ಟೇಪಿನಿಂದ ಅಂಟಿಸುವುದು ಕ್ಷೇಮ. 250 ಜಿಎಸ್‌ಎಂ ಎ5 ಹಾಳೆಗೆ ಸುಮಾರು 8 ಗ್ರಾಂ, ಮೇಲಿನ ತುಂಡಿಗೆ 4 ಗ್ರಾಂ, ಲಕೋಟೆಗೆ ಮೂರೋ ನಾಲ್ಕೋ ಗ್ರಾಂ. ಒಟ್ಟು ಸಾಮಾನ್ಯ ಪತ್ರದ 20 ಗ್ರಾಮಿನ ಮೊದಲ ಹಂತದೊಳಗೇ ನಿಲ್ಲುತ್ತದೆ. ಉಬ್ಬು ಫೋಮ್ ಟೇಪ್ ಹಾಕಿದರೆ ತೂಕಕ್ಕಿಂತ ದಪ್ಪದ ತೊಂದರೆ ಹೆಚ್ಚು, ಅಂಚೆಯ ಮುದ್ರೆ ಬಿದ್ದಾಗ ಚಿತ್ರದ ಮೇಲೆ ಗುರುತು ಮೂಡುತ್ತದೆ.

ಅಂಚೆ ಎಂದಾಗ ಒಂದು ಸಂಗತಿ ಹೇಳಲೇಬೇಕು. ಮಾರಾಟಕ್ಕೆಂದು ಮುದ್ರಿಸಿದ ಮೊದಲ ಕ್ರಿಸ್‌ಮಸ್ ಕಾರ್ಡನ್ನು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದರು, ಚಿತ್ರ ಬರೆದವರು ಜಾನ್ ಕಾಲ್‌ಕಾಟ್ ಹಾರ್ಸ್‌ಲಿ. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದು ಪತ್ರ ಕಳಿಸುವುದು ಅಗ್ಗವಾಗಿತ್ತು, ಆ ಅಂಚೆ ಸುಧಾರಣೆಯಲ್ಲಿಯೂ ಕೋಲ್ ದುಡಿದಿದ್ದರು. ಸುಮಾರು ಒಂದು ಸಾವಿರ ಪ್ರತಿಗಳ ಗೆರೆಗಳನ್ನು ಮಾತ್ರ ಕಲ್ಲಚ್ಚಿನಲ್ಲಿ ತೆಗೆದು, ಬಣ್ಣವನ್ನು ಕೈಯಿಂದಲೇ ತುಂಬಿಸಲಾಯಿತು. ಬೆಲೆ ಒಂದು ಶಿಲಿಂಗ್, ಆ ಕಾಲದ ದುಡಿಯುವ ಜನರಿಗೆ ಅದು ಹೆಚ್ಚೇ. ಅಚ್ಚಾದ ಕಾರ್ಡಿನ ಚರಿತ್ರೆ ಶುರುವಾಗುವುದೂ ಕೈಬಣ್ಣದಿಂದಲೇ ಎಂಬುದು ನನಗೆ ಬಹಳ ಪ್ರಿಯವಾದ ವಿಷಯ. ನಮ್ಮಲ್ಲಿ ಸಂಕ್ರಾಂತಿಗೆ ಲಕೋಟೆಯೊಳಗೆ ನಾಲ್ಕು ಕಾಳು ಎಳ್ಳುಬೆಲ್ಲವಿಟ್ಟು ಶುಭಾಶಯ ಪತ್ರ ಕಳಿಸುವ ರೂಢಿಯಿತ್ತು. ಅದನ್ನು ಮತ್ತೆ ಶುರು ಮಾಡಿ ಎಂದು ನಿಮ್ಮನ್ನು ಮನಸಾರೆ ಕೇಳುತ್ತೇನೆ.

ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತಿದ್ದೇನೆ.

ಬಣ್ಣ ಎಷ್ಟು ಕಾಲ ಉಳಿಯುತ್ತದೆ ಎಂದು ಒಬ್ಬರು ಕೇಳಿದರು. ಮುಚ್ಚಿದ ಪುಸ್ತಕದಲ್ಲಿ, ಪೆಟ್ಟಿಗೆಯಲ್ಲಿ ಇಟ್ಟರೆ ಬಹಳ ಕಾಲ. ಕಿಟಕಿಯ ಪಕ್ಕ ಗೋಡೆಗೆ ತೂಗುಹಾಕಿದರೆ ಡೈ ಶಾಯಿ ಮಂಕಾಗುತ್ತದೆ, ಅದರಲ್ಲಿಯೂ ಗುಲಾಬಿ, ನೇರಳೆಗಳು ಬೇಗ. ಚೌಕಟ್ಟು ಹಾಕಿಸುವ ಉದ್ದೇಶವಿದ್ದರೆ ಪಿಗ್ಮೆಂಟ್ ಶಾಯಿ ಬಳಸಿ, ನೇರ ಬಿಸಿಲು ಬೀಳದ ಗೋಡೆಯನ್ನು ಆರಿಸಿ.

ಇಂಥ ಶಾಯಿಗಳನ್ನು ಕೊಳ್ಳಲಾಗದ ಸರ್ಕಾರಿ ಶಾಲೆಯ ಮಕ್ಕಳಿಗೆ ಇದನ್ನು ಹೇಗೆ ಕಲಿಸುವುದು ಎಂದು ಶಿಕ್ಷಕಿಯೊಬ್ಬರು ಕೇಳಿದರು. ಈ ಪ್ರಶ್ನೆ ಬಂದದ್ದಕ್ಕೆ ನನಗೆ ತುಂಬ ಸಂತೋಷವಾಯಿತು. ಒಣ ಪೇಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿಕೊಡಿ. ಎಣ್ಣೆ ಪೇಸ್ಟಲ್ ಬೇಡ, ಒಣ ಜಾತಿಯದೇ ಬೇಕು. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಮಡಿಸಿ, ಸಾಂಝಿಯವರಂತೆ ಕತ್ತರಿಯಿಂದ ಕತ್ತರಿಸಿದರೆ ಸ್ಟೆನ್ಸಿಲ್ ಸಿದ್ಧ. ಹತ್ತಿಯ ಉಂಡೆಗೆ ಪುಡಿ ತಾಗಿಸಿ, ಅಂಚಿನಿಂದ ಒಳಗೆ ಸುತ್ತು ತೇಯಲು ಹೇಳಿ. ಪುಡಿ ಒದ್ದೆಯಲ್ಲದ್ದರಿಂದ ಅಂಚಿನ ಕೆಳಗೆ ನುಗ್ಗುವ ಭಯವೇ ಇಲ್ಲ, ಎರಡು ಬಣ್ಣ ಬೆರಳಿನಡಿಯಲ್ಲೇ ಸೇರುತ್ತವೆ, ಒರಟು ಡ್ರಾಯಿಂಗ್ ಶೀಟೂ ನಡೆಯುತ್ತದೆ. ಹೆಚ್ಚಾದ ಪುಡಿಯನ್ನು ಊದಲು ಬಿಡಬೇಡಿ, ಮೂಗಿಗೆ ಹೋಗುತ್ತದೆ. ಹಾಳೆಯನ್ನು ಓರೆ ಮಾಡಿ ಹಿಂದಿನಿಂದ ತಟ್ಟಿದರೆ ಸಾಕು. ಕಾರ್ಡಿನ ಚಿತ್ರದ ಮೇಲೆ ಒಂದು ತೆಳು ಹಾಳೆಯನ್ನು ಮುಚ್ಚಿಟ್ಟರೆ ಬಣ್ಣ ಲಕೋಟೆಗೆ ಹತ್ತುವುದಿಲ್ಲ.